ಮುಸ್ಸಂಜೆ ಬೆಳಕಿನಲ್ಲಿ ದೊಡ್ಡ ಹುಣಸೆ

ಊರಿಗೆ ಹೊರಟಾಗ ನಿಮ್ಮ ಕೈಚೀಲದಲ್ಲಿ ಏನೇನಿರುತ್ತದೆ, ಸ್ವಲ್ಪ ನೆನಪು ಮಾಡಿಕೊಳ್ಳಿ. ನೀರಿನ ಬಾಟಲಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ, ದಾರಿಯಲ್ಲಿ ಹೊಟ್ಟೆ ತೊಳಸಿದರೆ ಇರಲಿ ಎಂದು ಎರಡು ನಿಂಬೆಹಣ್ಣು, ಯಜಮಾನರ ಬಿ.ಪಿ. ಗುಳಿಗೆ. ಇಷ್ಟೆಲ್ಲದರ ಕೆಳಗೆ ಟವೆಲ್ಲಿನ ಮಡಿಕೆಯಲ್ಲಿ ಎಲ್ಲೋ ಒಂದು ಕಡೆ ಮೊಬೈಲು. ಅದರಲ್ಲಿ ಕ್ಯಾಮೆರಾ ಇದೆ ಎಂಬುದು ನಮಗೆ ನೆನಪಾಗುವುದು ಮದುವೆ ಮಂಟಪದಲ್ಲಿ ಎಲ್ಲರೂ ಸಾಲಾಗಿ ನಿಂತಾಗ ಮಾತ್ರ. ಆಗಲೂ ತೆಗೆಯುವವರು ಮಕ್ಕಳೇ. ನಾವು ಸೆರಗು ಸರಿಮಾಡಿಕೊಂಡು ನಿಲ್ಲುವವರು.

ನಾನೂ ಹಾಗೇ ಇದ್ದವಳು. ನಮ್ಮೂರು ಮಟಮಾರಿ. ರಾಯಚೂರಿನಿಂದ ಗುಂತಕಲ್ ಕಡೆಗೆ ರೈಲು ಹತ್ತಿದರೆ, ತುಂಗಭದ್ರೆ ದಾಟುವ ಮುಂಚೆ ಬರುವ ಸಣ್ಣ ಸ್ಟೇಷನ್ನು. ಮಂತ್ರಾಲಯಕ್ಕೆ ಹೋದವರು ಕಿಟಕಿಯಿಂದ ಬೋರ್ಡು ಓದಿರುತ್ತೀರಿ. ಎರೆಹೊಲ, ಹತ್ತಿ, ಮೆಣಸಿನಕಾಯಿ, ಜೋಳ. ಮರವೆಂದರೆ ಬೇವು, ಜಾಲಿ, ಬದುವಿನ ಮೇಲೊಂದು ಹುಣಸೆ. ಬೇಸಿಗೆಯಲ್ಲಿ ಆ ಬೇವಿನ ನೆರಳಿಗೇ ನಾವು ಕೈಮುಗಿಯುತ್ತೇವೆ. ಹಾಗಿರುವಾಗ ನಮ್ಮ ಅತ್ತೆಯವರು ತವರಿನ ಮರದ ಮಾತು ತೆಗೆದರೆ ನಾವೆಲ್ಲ ಒಳಗೊಳಗೇ ನಗುತ್ತಿದ್ದೆವು. "ಹತ್ತು ಮಂದಿ ಕೈಕೈ ಹಿಡದು ನಿಂತ್ರೂ ತೆಕ್ಕಿಗೆ ಬರಂಗಿಲ್ಲ" ಎನ್ನುತ್ತಿದ್ದರು. ತವರಿನದೆಲ್ಲ ದೊಡ್ಡದೇ ಅಲ್ಲವೇ ನಮಗೆ? ತವರಿನ ಬಾವಿ, ತವರಿನ ಹಂಡೆ, ತವರಿನ ಎಮ್ಮೆ! ಹಾಗೇ ಇದೂ ಒಂದು ಅಂದುಕೊಂಡಿದ್ದೆ.

ಅವರ ತವರು ಸವಣೂರು, ಈಗಿನ ಹಾವೇರಿ ಜಿಲ್ಲೆ. ಹಿಂದೆ ನವಾಬರು ಆಳಿದ ಊರು. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದೂ ಅಲ್ಲೇ. ಆದರೆ ನಮ್ಮ ಹೆಂಗಸರಿಗೆ ಸವಣೂರೆಂದರೆ ಮೊದಲು ನೆನಪಾಗುವುದು ವೀಳ್ಯದೆಲೆ ಮತ್ತು ಸವಣೂರ ಖಾರಾ. ಚಹಾದ ಜೊತೆ ಒಂದು ಮುಷ್ಟಿ ಆ ಖಾರಾ ಇದ್ದರೆ ಬೇರೆ ತಿಂಡಿ ಬೇಡ ನೋಡಿ.

2023ರ ಫೆಬ್ರವರಿಯಲ್ಲಿ ಅತ್ತೆಯವರ ಅಣ್ಣನ ಮೊಮ್ಮಗಳ ಮದುವೆ ಬಂತು. ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಬಳ್ಳಾರಿ, ಹೊಸಪೇಟೆ, ಗದಗ ದಾಟಿ ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿಂದ ಬಸ್ಸು. ಎಪ್ಪತ್ತೆಂಟರ ಅತ್ತೆಗೆ ಮಂಡಿ ನೋವು, ಒಂದು ಕಣ್ಣಿಗೆ ಪೊರೆ. ಆದರೂ ಇಡೀ ದಾರಿ ಕಿಟಕಿ ಬಿಡಲಿಲ್ಲ. ಮದುವೆಯ ಹಿಂದಿನ ದಿನ ಸಂಜೆ, ಮನೆಯಲ್ಲಿ ಎಲ್ಲರೂ ಹೂವು ಕಟ್ಟುತ್ತ ಕುಳಿತಿದ್ದಾಗ, ಮೆಲ್ಲಗೆ ನನ್ನ ಕೈ ಚಿವುಟಿದರು. "ನಡೀಯವ್ವ, ಮರ ನೋಡಿ ಬರೂಣು. ನಿನ್ನ ಫೋನೂ ತಗೋ."

ದೊಡ್ಡ ಹುಣಸೆ ಕಲ್ಮಠ ಎಂದು ಆ ಮಠಕ್ಕೆ ಹೆಸರೇ ಬಿದ್ದಿದೆ. ಬಾಗಿಲು ದಾಟಿ ಒಳಗೆ ಹೋಗಿ ಮರ ಕಂಡಾಗ ನನಗೆ ಮಾತು ನಿಂತಿತು. ಅದು ಮರದ ಹಾಗೆ ಕಾಣುವುದೇ ಇಲ್ಲ. ಆನೆಯೊಂದು ನೆಲದಿಂದ ಅರ್ಧ ಎದ್ದು ನಿಂತಂತೆ ಬೂದು ಬಣ್ಣದ ದಪ್ಪ ಕಾಂಡ, ಅಲ್ಲಲ್ಲಿ ಸುಕ್ಕು, ಮಡಿಕೆ. ಮೇಲೆ ಹೋದರೆ ಒಮ್ಮೆಲೇ ಗಿಡ್ಡ ಗಿಡ್ಡ ಕೊಂಬೆಗಳು. ಮಾಘದ ದಿನ, ಎಲೆ ಒಂದೂ ಇಲ್ಲ. ಬೇರು ಮೇಲಾಗಿ ಯಾರೋ ನೆಟ್ಟಂತೆ. ಆಗಿನ್ನೂ ಮೂರು ಮರ ನಿಂತಿದ್ದವು. ಎರಡು ಸೀರೆ ಗಂಟು ಹಾಕಿ ಸುತ್ತಿದರೂ ಬುಡಕ್ಕೆ ಸಾಲದು ಎಂದರೆ ನಿಮಗೆ ಅಂದಾಜು ಸಿಕ್ಕೀತು. ನಾನು ಮನಸ್ಸಿನಲ್ಲೇ ಅತ್ತೆಯ ಕಾಲಿಗೆ ಬಿದ್ದೆ.

ಹೆಸರು ಹುಣಸೆಯಾದರೂ ಇದು ನಮ್ಮ ಸಾರಿನ ಹುಣಸೆಯಲ್ಲ. ಆಫ್ರಿಕಾದ ಬಾವೊಬಾಬ್. ಫ್ರಾನ್ಸಿನ ಮಿಷೆಲ್ ಅದಾನ್ಸನ್ ಎಂಬಾತ ಹದಿನೆಂಟನೇ ಶತಮಾನದಲ್ಲಿ ಸೆನೆಗಲ್ ದೇಶದಲ್ಲಿ ಇದನ್ನು ನೋಡಿ ವಿವರವಾಗಿ ಬರೆದಿಟ್ಟ. ಅವನ ಹೆಸರಿನಿಂದಲೇ ಶಾಸ್ತ್ರಜ್ಞರು ಇದನ್ನು ಅದಾನ್ಸೋನಿಯಾ ಡಿಜಿಟೇಟಾ ಎಂದು ಕರೆದರು. ಡಿಜಿಟೇಟಾ ಎಂದರೆ ಬೆರಳುಳ್ಳದ್ದು. ಎಲೆ ನಮ್ಮ ಅಂಗೈಯ ಹಾಗೆ ಐದು ಏಳು ಬೆರಳು ಚಾಚಿರುತ್ತದೆ. ಅರಬ್ಬೀ ಸಮುದ್ರದ ಆಚೆಯಿಂದ ವ್ಯಾಪಾರಿಗಳ, ಹಬಸಿಗಳ ಜೊತೆ ಇದರ ಬೀಜ ನಮ್ಮ ಕಡೆ ಬಂದಿರಬೇಕು ಎನ್ನುತ್ತಾರೆ ತಿಳಿದವರು. ವಿಜಯಪುರದಲ್ಲೂ ಇವೆ. ಹೈದರಾಬಾದಿನ ಗೋಲ್ಕೊಂಡದ ನಯಾ ಕಿಲಾದಲ್ಲಿ ಒಂದು ಮಹಾ ಮರವಿದೆ, ಹತಿಯಾನ್ ಕಾ ಝಾಡ್ ಎಂದು ಹೆಸರು. ರಾಯಚೂರು ಕಡೆಯವರಿಗೆ ಸವಣೂರಿಗಿಂತ ಅದೇ ಹತ್ತಿರ.

ಮಠದ ಮರಗಳಿಗೆ ಸಾವಿರಾರು ವರ್ಷ ಎನ್ನುವವರಿದ್ದಾರೆ. ಬಾವೊಬಾಬಿನ ವಯಸ್ಸು ಹೇಳುವುದು ಸುಲಭವಲ್ಲವಂತೆ. ಬೇರೆ ಮರಗಳಂತೆ ಕಾಂಡದೊಳಗಿನ ಬಳೆ ಎಣಿಸಿ ಹೇಳಲು ಬರುವುದಿಲ್ಲ. ಬಳೆ ಸ್ಪಷ್ಟವಿರುವುದಿಲ್ಲ, ಹಳೆಯ ಮರವಾದರೆ ನಡುವೆ ಟೊಳ್ಳು. ಒಂದೇ ಕಾಂಡವೆಂದು ನಮಗೆ ಕಾಣುವುದು ಎಷ್ಟೋ ಸಲ ಹಲವು ಕಾಂಡಗಳು ಕೂಡಿಕೊಂಡದ್ದು. ಹಾಗಾಗಿ ವಿಜ್ಞಾನಿಗಳು ಇಂಗಾಲದ ಪರೀಕ್ಷೆ ಮಾಡಬೇಕಾಗುತ್ತದೆ. ಕಟ್ಟಿಗೆಯೂ ಗಟ್ಟಿಯಲ್ಲ. ಬೆಂಡಿನಂಥ ಮೆತ್ತನೆಯ ಕಾಂಡದ ತುಂಬ ಮಳೆಗಾಲದ ನೀರು ಹಿಡಿದಿಟ್ಟುಕೊಂಡು ಬೇಸಿಗೆ ಕಳೆಯುತ್ತದೆ. ನಮ್ಮ ಹಗೇವಿನಲ್ಲಿ ಜೋಳ ಇಟ್ಟ ಹಾಗೆ ಅನ್ನಿ.

ಇನ್ನು ಮುಸ್ಸಂಜೆಗೂ ಈ ಮರಕ್ಕೂ ಒಂದು ನಂಟಿದೆ. ಮಳೆಗಾಲದಲ್ಲಿ ಉದ್ದ ತೊಟ್ಟಿಗೆ ಜೋತುಬಿದ್ದ ಬಿಳಿ ಹೂವು ಅರಳುವುದು ಹೊತ್ತು ಮುಳುಗುವಾಗ. ರಾತ್ರಿ ಬಾವಲಿಗಳು ಬಂದು ಪರಾಗ ಹೊತ್ತೊಯ್ಯುತ್ತವೆ. ಮಾರನೇ ದಿನ ಹೂವು ಬಾಡಿ ನೆಲಕ್ಕೆ. ಅತ್ತೆಗೆ ಬಾವಲಿಯ ವಿಷಯವೆಲ್ಲ ಚಿಕ್ಕಂದಿನಿಂದ ಗೊತ್ತು. ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ. "ದೀಪ ಹಚ್ಚೂ ಹೊತ್ತಿಗೆ ಬರ್ತಾವ, ಬಡಬಡ ಅಂತಾವ. ನಾವು ಹೆದರಿ ಮನೀಗೆ ಓಡ್ತಿದ್ವಿ" ಎಂದರು. ಕಾಯಿಯ ಮೇಲೆ ಮಖಮಲ್ಲಿನಂಥ ನುಣುಪು, ಒಳಗೆ ಸುಣ್ಣದ ತುಂಡಿನಂಥ ಹುಳಿ ತಿರುಳು. ಉಪ್ಪುಖಾರ ಹಚ್ಚಿ ನೆಕ್ಕುತ್ತಿದ್ದರಂತೆ. ಮಧ್ಯಪ್ರದೇಶದ ಮಾಂಡುವಿನಲ್ಲಿ ಇದೇ ಕಾಯಿಯನ್ನು ರಸ್ತೆ ಬದಿ ಮಾರುತ್ತಾರೆ. ನಿಮಗೆಲ್ಲಾದರೂ ಸಿಕ್ಕರೆ ತಿರುಳನ್ನು ನೀರಲ್ಲಿ ಒಂದು ತಾಸು ನೆನೆಹಾಕಿ, ಕಿವುಚಿ, ಬೀಜ ನಾರು ತೆಗೆದು ಸೋಸಿ, ಬೆಲ್ಲ ಏಲಕ್ಕಿ ಹಾಕಿ ಪಾನಕ ಮಾಡಿ ನೋಡಿ. ಸೆನೆಗಲ್ಲಿನ ಹೆಂಗಸರು ಸಕ್ಕರೆ ಹಾಕಿ ಇಂಥದೇ ಪಾನಕ ಮಾಡುತ್ತಾರೆ. ಅಲ್ಲಿ ಎಳೆ ಎಲೆಯ ಸಾರೂ ಉಂಟು.

ಸರಿ, ಫೋಟೋದ ಮಾತಿಗೆ ಬರೋಣ. ನೀವೂ ಬೇಲೂರಿಗೋ ಜೋಗಕ್ಕೋ ಹೋಗುತ್ತೀರಿ, ಸಂಜೆ ಹೊತ್ತಿಗೆ ಮನಸ್ಸು ತುಂಬುವಂಥದೇನೋ ಕಾಣುತ್ತದೆ, ಫೋಟೋ ತೆಗೆಯುತ್ತೀರಿ, ಮನೆಗೆ ಬಂದು ನೋಡಿದರೆ ಬರೀ ಕಪ್ಪು ಮಸಿ ಇಲ್ಲವೇ ಕಲಸಿದ ಹಿಟ್ಟು. ನನಗೂ ಮೊದಲ ಹತ್ತು ಹಾಗೇ ಬಂದವು. ಮದುವೆಗೆ ಫೋಟೋ ತೆಗೆಯಲು ಬಂದಿದ್ದ ಹುಡುಗನೂ ಅದೇ ಸಂಜೆ ಮರ ನೋಡಲು ಬಂದಿದ್ದ. ನನ್ನ ಅವಸ್ಥೆ ನೋಡಿ, "ಅಕ್ಕಾರ, ಮೊದಲು ಫ್ಲ್ಯಾಶ್ ಬಂದ್ ಮಾಡ್ರಿ" ಎಂದ. ಆ ಪುಟ್ಟ ಬೆಳಕು ನಾಲ್ಕಾರು ಮೊಳ ದೂರ ಹೋದೀತು ಅಷ್ಟೇ. ಅಷ್ಟು ದೊಡ್ಡ ಮರಕ್ಕೆ ಅದರಿಂದ ಏನೂ ಆಗದು, ಎದುರಿನ ಧೂಳು ಮಾತ್ರ ಹೊಳೆಯುತ್ತದೆ.

ಅವನು ಹೇಳಿಕೊಟ್ಟದ್ದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ಸೂರ್ಯ ಮುಳುಗಿದ ಕೂಡಲೇ ಚೀಲ ಎತ್ತಿ ಹೊರಡಬೇಡಿ. ನಮ್ಮ ಸೀಮೆಯಲ್ಲಿ ಮುಸ್ಸಂಜೆ ಎಂಬುದು ಬಹಳ ಚಿಕ್ಕದು, ಇಪ್ಪತ್ತು ಇಪ್ಪತ್ತೈದು ನಿಮಿಷ. ಅಕ್ಕಿ ಕುಕ್ಕರಿಗಿಟ್ಟು ಇಳಿಸುವಷ್ಟು ಹೊತ್ತು. ಆದರೆ ಆಕಾಶದ ನಿಜವಾದ ಬಣ್ಣ ಬರುವುದು ಆಗಲೇ. ಕೆಂಪು ಇಳಿದು, ಅರಿಶಿನವಾಗಿ, ಆಮೇಲೆ ನೇರಳೆ. ಪಡುವಣಕ್ಕೆ ಮುಖ ಮಾಡಿ ನಿಂತು ಮರವನ್ನು ನಡುವೆ ಇಟ್ಟುಕೊಂಡರೆ ಮರ ಕಪ್ಪಗೆ, ಗೊಂಬೆಯಾಟದ ತೊಗಲುಗೊಂಬೆಯಂತೆ ಕಾಣುತ್ತದೆ. ಒಂದೊಂದು ಕೊಂಬೆಯೂ ಎಣಿಸಬಹುದು. ಎಲೆ ಉದುರಿದ ಮರಕ್ಕೆ ಇದೇ ಚೆಂದ. ಮೊಬೈಲಿನಲ್ಲಿ ಆಕಾಶದ ಮೇಲೆ ಬೆರಳು ಒತ್ತಿದರೆ ಬಣ್ಣ ಬೆಳ್ಳಗಾಗದೆ ಉಳಿಯುತ್ತದೆ. ತೊಗಟೆಯ ಸುಕ್ಕು ಬೇಕೆಂದರೆ ತಿರುಗಿ ನಿಲ್ಲಿ, ಪಡುವಣ ನಿಮ್ಮ ಬೆನ್ನಿಗಿರಲಿ. ಎರಡೂ ತೆಗೆದಿಟ್ಟುಕೊಳ್ಳಿ. ಹಿಂದಿನಂತೆ ಮೂವತ್ತಾರು ಚಿತ್ರದ ರೀಲು ಮುಗಿದೀತೆಂಬ ಭಯ ಈಗೇನಿದೆ?

ಬೆಳಕು ಕಮ್ಮಿಯಾದಷ್ಟೂ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಕೈ ನಡುಗಿದರೆ ಚಿತ್ರ ಕಲಸಿಹೋಗುತ್ತದೆ. ಅದಕ್ಕೇ ಫೋನನ್ನು ಯಾವುದಕ್ಕಾದರೂ ಆನಿಸಿ ಇಡಬೇಕು. ನನ್ನ ಹತ್ತಿರ ಮೂರು ಕಾಲಿನ ಸ್ಟ್ಯಾಂಡು ಎಲ್ಲಿಂದ ಬರಬೇಕು? ಕೈಚೀಲದಲ್ಲಿ ರೊಟ್ಟಿ ಡಬ್ಬಿ ಇತ್ತು. ಅದನ್ನು ಒಂದು ಕಲ್ಲಿನ ಮೇಲಿಟ್ಟು, ಫೋನು ಆನಿಸಿ, ಮೂರು ಸೆಕೆಂಡ್ ತಡವಾಗಿ ತೆಗೆಯುವ ಟೈಮರು ಹಾಕಿದೆ. ಬೆರಳು ಒತ್ತಿದ ಅಲುಗಾಟವೂ ತಾಗಲಿಲ್ಲ. ಹುಡುಗ ನಕ್ಕ, ಆದರೆ ಚಿತ್ರ ನೋಡಿ ಸುಮ್ಮನಾದ!

ಇನ್ನೊಂದು ಮಾತೂ ಅವನು ಹೇಳಿದ್ದ. ದೊಡ್ಡ ಮರದ ಹತ್ತಿರ ಒಬ್ಬ ಮನುಷ್ಯರು ಇರಬೇಕು, ಇಲ್ಲದಿದ್ದರೆ ನೋಡುವವರಿಗೆ ಅದರ ಗಾತ್ರ ತಿಳಿಯುವುದಿಲ್ಲ ಎಂದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾಲೆಂಡರಿನಲ್ಲಿ ಬರುವ ಮಡಗಾಸ್ಕರದ ಚಿತ್ರ ನೀವು ನೋಡಿರಬಹುದು. ಮೊರೊಂಡಾವಾ ಎಂಬ ಊರಿನ ಹತ್ತಿರ ಮಣ್ಣು ರಸ್ತೆಯ ಎರಡೂ ಬದಿ ಕಂಬ ನೆಟ್ಟಂತೆ ಬಾವೊಬಾಬ್ ಮರಗಳು, ಹಿಂದೆ ಕೆಂಪು ಆಕಾಶ. ಸುತ್ತಲಿನ ಕಾಡನ್ನೆಲ್ಲ ಕಡಿದು ಹೊಲಗದ್ದೆ ಮಾಡಿದ್ದರಿಂದ ಆ ಮರಗಳು ಹಾಗೆ ಒಂಟಿಯಾಗಿ ಉಳಿದಿವೆ ಎಂಬುದು ಚಿತ್ರ ನೋಡಿದವರಿಗೆ ಹೊಳೆಯುವುದಿಲ್ಲ. ನನ್ನ ತಲೆಯಲ್ಲಿ ಅಂಥದೇ ಚಿತ್ರ ಕೂತಿತ್ತು. ಮರ, ಆಕಾಶ, ಮತ್ತೇನೂ ಬೇಡ. ಅತ್ತೆ ಮರದ ಬುಡಕ್ಕೆ ಹೋಗಿ ಅಂಗೈ ಊರಿ ನಿಂತಿದ್ದರು. ನಾನು ಕೂಗಿದೆ, "ಅತ್ತಿ, ಸ್ವಲ್ಪ ಆ ಕಡೆ ಸರೀರಿ, ಮರ ಪೂರಾ ಬರವಲ್ದು."

"ಸರೀತೀನಿ ತಗೀಯವ್ವ. ನಾ ಏನ್ ಮರಕ್ಕಿಂತ ದಪ್ಪ ಇದ್ದೀನೇನು?" ಎಂದು ನಕ್ಕು ಸರಿದರು. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು ಮರದ ಹತ್ತಿರ. ಮತ್ತೆ ನಾನು ಸರಿಸಿದೆ. ಹೀಗೆ ನಾಲ್ಕೈದು ಸಲ. ಕತ್ತಲಾಗುವ ಹೊತ್ತಿಗೆ ನನ್ನ ಫೋನಿನಲ್ಲಿ ಅರವತ್ತಮೂರು ಚಿತ್ರ.

ಮಾರನೇ ದಿನ ಮದುವೆ, ಊಟ, ಉಡುಗೊರೆ. ಊರಿಗೆ ಬಂದ ಮೇಲೆ ಅಡುಗೆ, ಹೊಲದ ಆಳಿಗೆ ಬುತ್ತಿ, ಮೆಣಸಿನಕಾಯಿ ಒಣಗಿಸುವುದು. ಆ ಅರವತ್ತಮೂರನ್ನು ನಾನು ಎರಡು ಸಲ ನೋಡಿದ್ದರೆ ಹೆಚ್ಚು. ಒಂದನ್ನು ಸ್ಟೇಟಸ್ಸಿಗೆ ಹಾಕಿದ್ದೆ, ಎಲ್ಲರೂ ಆಹಾ ಎಂದರು, ಮುಗಿಯಿತು.

2023ರ ಜುಲೈ. ಮಳೆಗಾಳಿಗೆ ಸವಣೂರಿನ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿತು. ನಮ್ಮವರು ಟೀವಿಯಲ್ಲಿ ನೋಡಿ ಧ್ವನಿ ಕಮ್ಮಿ ಮಾಡಿದರು. ಅವ್ವನಿಗೆ ಗೊತ್ತಾಗುವುದು ಬೇಡ ಎಂದು. ಆದರೆ ಅಷ್ಟರಲ್ಲಿ ತವರಿನಿಂದ ಫೋನು ಬಂದಾಗಿತ್ತು. ಬಿದ್ದ ಮರದ ಕೊಂಬೆ ಸವರಿ, ಯಂತ್ರ ಹಚ್ಚಿ ಎತ್ತಿ, ಮತ್ತೆ ನೆಟ್ಟು ಉಳಿಸುವ ಪ್ರಯತ್ನ ನಡೆಯಿತು. ಆಫ್ರಿಕಾದಲ್ಲೂ ಇಂಥ ಹಿರಿಯ ಮರಗಳಿಗೆ ಒಳ್ಳೆಯ ಕಾಲವಲ್ಲ. ಅಲ್ಲಿನ ಅತಿ ಹಳೆಯ, ಅತಿ ದೊಡ್ಡ ಬಾವೊಬಾಬ್‌ಗಳಲ್ಲಿ ಹೆಚ್ಚಿನವು 2005ರಿಂದೀಚೆಗೆ ಸತ್ತಿವೆ ಇಲ್ಲವೇ ಅವುಗಳ ಹಳೆಯ ಭಾಗ ಕುಸಿದಿದೆ ಎಂದು 2018ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಬಿಸಿಲು, ಬರ ಕಾರಣವಿರಬಹುದೆಂಬುದು ಅವರ ಶಂಕೆ.

ಅತ್ತೆ ಆ ದಿನ ಏನೂ ಮಾತಾಡಲಿಲ್ಲ. ಮರುದಿನ ನಾನು ರೊಟ್ಟಿ ಬಡಿಯುತ್ತಿರುವಾಗ ಮಣೆ ಎಳೆದುಕೊಂಡು ಹತ್ತಿರ ಕುಳಿತರು. "ಯವ್ವಾ, ನಾ ಆ ಮರದ ಕೂಡ ನಿಂತದ್ದು ಒಂದು ಫೋಟೋ ಐತೇನು?"

ಆ ಪ್ರಶ್ನೆಗೆ ನಿಮ್ಮಲ್ಲಿ ಯಾರೇ ಆಗಿದ್ದರೂ ಏನು ಉತ್ತರ ಕೊಡುತ್ತಿದ್ದಿರಿ? ನಾನು ಹೆಂಚಿನ ಮೇಲಿನ ರೊಟ್ಟಿ ಕರಕಲಾಗುವವರೆಗೂ ಸುಮ್ಮನೆ ಕೂತೆ. ಅರವತ್ತಮೂರು ಸಲ ನಾನೇ ಅವರನ್ನು ಸರಿಸಿದ್ದೆನಲ್ಲ! ಅವರ ಕಾಲದಲ್ಲಿ ಫೋಟೋ ಎಂದರೆ ಮದುವೆಯಾದ ವರ್ಷ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ನಿಂತದ್ದು ಒಂದೇ. ತವರಿನಲ್ಲಿ ತೆಗೆಸಿಕೊಂಡದ್ದು ಒಂದೂ ಇಲ್ಲ. ಮರ ನೋಡಲು ನನ್ನನ್ನು ಕರೆದವರು, ಫೋನೂ ತಗೋ ಎಂದವರು ಅವರೇ. ಯಾಕೆ ಎಂದು ನಾನು ಕೇಳಿರಲಿಲ್ಲ.

ಫೋಟೋದಿಂದ ಏನಾದೀತು ಎನ್ನುವವರಿಗೆ ಒಂದು ಸಂಗತಿ ಹೇಳಿಬಿಡುತ್ತೇನೆ. ನಮ್ಮ ಮಟಮಾರಿಯಿಂದ ಇದೇ ರೈಲು ದಾರಿಯಲ್ಲಿ ಗುಂತಕಲ್, ಧರ್ಮವರಂ ಮೇಲೆ ಹೋದರೆ ಆಂಧ್ರದ ಕದಿರಿ. ಅದರ ಸಮೀಪ ತಿಮ್ಮಮ್ಮ ಮರ್ರಿಮಾನು ಎಂಬ ಆಲದ ಮರ. ಸುಮಾರು ಐದು ಎಕರೆ ಹಬ್ಬಿದೆ. 1434ರಲ್ಲಿ ಗಂಡನ ಚಿತೆಯೇರಿದ ತಿಮ್ಮಮ್ಮ ಎಂಬಾಕೆಯ ನೆನಪು ಎಂದು ಕಥೆ. ಮಕ್ಕಳಾಗಲೆಂದು ಹರಕೆ ಹೊರುವವರು ಇಂದಿಗೂ ಬರುತ್ತಾರೆ. ಸತಿ ಹೋದ ಕಥೆ ಕೇಳಿದರೆ ನನಗೆ ಮರದ ನೆರಳೂ ಸುಡುತ್ತದೆ, ಆ ಮಾತು ಬೇರೆ. ಆ ಸುತ್ತಿನವರಿಗೆ ಮಾತ್ರ ಗೊತ್ತಿದ್ದ ಆ ಮರವನ್ನು ಲೋಕಕ್ಕೆ ತೋರಿಸಿದವರು ಬೆಂಗಳೂರಿನ ಛಾಯಾಗ್ರಾಹಕ ಸತ್ಯನಾರಾಯಣ ಅಯ್ಯರ್. ಪತ್ರಿಕೆಗಳಿಂದ ಬಂದ ವಿಷಾದ ಪತ್ರಗಳನ್ನೆಲ್ಲ ಕೂಡಿಟ್ಟು, ರಿಗ್ರೆಟ್ ಅಯ್ಯರ್ ಎಂದೇ ಹೆಸರಿಟ್ಟುಕೊಂಡವರು. ಅವರ ಪ್ರಯತ್ನದಿಂದ 1989ರಲ್ಲಿ ಆ ಮರ ಗಿನ್ನೆಸ್ ಪುಸ್ತಕ ಸೇರಿತು. ಅವರು ಅಷ್ಟು ಮಾಡಿದರು. ನಾನು ಮನೆಯವರೊಬ್ಬರನ್ನು ಚಿತ್ರದೊಳಗೆ ಸೇರಿಸಲಾರದೆ ಹೋದೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅರವತ್ತಮೂರನ್ನೂ ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ನಲವತ್ತೊಂದನೆಯದೋ ನಲವತ್ತೆರಡನೆಯದೋ ಇರಬೇಕು. ಎಡಗಡೆ ಮೂಲೆಯಲ್ಲಿ, ಕಾಂಡದ ಪಕ್ಕ, ಮಬ್ಬಾಗಿ ಏನೋ ಇತ್ತು. ನಾನು ಸರಿಸಿದ ಮೇಲೆ ಅತ್ತೆ ಸುಮ್ಮನೆ ಕೂರದೆ ಮರಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು, ನಾನು ನೋಡಿರಲಿಲ್ಲ. ಕ್ಯಾಮೆರಾ ಕಣ್ಣು ತೆರೆದಿದ್ದ ಹೊತ್ತಿನಲ್ಲಿ ನಡೆಯುತ್ತಿದ್ದುದರಿಂದ ಮುಖವಿಲ್ಲ, ಮೂಗಿಲ್ಲ. ಬೆನ್ನು, ಇಳಕಲ್ ಸೀರೆಯ ಕೆಂಪು ಸೆರಗು, ಮರಕ್ಕೆ ತಾಗಿದ ಒಂದು ಕೈ. ಮರ ಮಾತ್ರ ಕಡೆದಿಟ್ಟ ಹಾಗೆ ಸ್ಪಷ್ಟ.

ಮುಂದಿನ ವಾರ ರಾಯಚೂರಿಗೆ ಹೋಗಿ ತೀನ್ ಕಂದೀಲ್ ಹತ್ತಿರದ ಒಂದು ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಲು ಕೊಟ್ಟೆ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ತೆರೆದು ನೋಡಿ ಬಹಳ ಮೆಚ್ಚಿಕೊಂಡರು. ಆಮೇಲೆ ಆ ಮೂಲೆಯ ಮೇಲೆ ಬಾಣ ತಂದು ನಿಲ್ಲಿಸಿ, "ಇಲ್ಲೊಂದು ನೆರಳು ಬಂದದ ನೋಡ್ರಿ ಅಕ್ಕ. ತೆಗೆದು ಹಾಕ್ಲೇನು? ಎರಡು ನಿಮಿಷದ ಕೆಲಸ. ಮರ ಸ್ವಚ್ಛ ಬರ್ತದ" ಎಂದರು.

"ಬ್ಯಾಡ್ರೀ ಅಣ್ಣಾ, ಮರ ಬೇಕಾದ್ರ ಅರ್ಧ ಕೊಯ್ರಿ, ಅದನ್ನ ಮಾತ್ರ ಮುಟ್ಟಬ್ಯಾಡ್ರಿ" ಎಂದೆ. ಅವರಿಗೆ ನಾನು ಹುಚ್ಚಿ ಅನಿಸಿರಬೇಕು.

ನೀವು ಪ್ರಿಂಟ್ ಹಾಕಿಸುವುದಾದರೆ ಹೊಳಪಿಲ್ಲದ ಕಾಗದ ಕೇಳಿ. ಸಂಜೆ ಬೆಳಕಿನ ಚಿತ್ರಕ್ಕೆ ಅದು ಹೊಂದುತ್ತದೆ, ಬಲ್ಬಿನ ಬೆಳಕು ಬಿದ್ದರೆ ಕನ್ನಡಿಯಂತೆ ಕಣ್ಣಿಗೆ ಹೊಡೆಯುವುದಿಲ್ಲ. ಮೂಲ ಚಿತ್ರವನ್ನೇ ಕೊಡಿ, ವಾಟ್ಸಾಪಿನಲ್ಲಿ ಕಳಿಸಿದ್ದು ದೊಡ್ಡದು ಮಾಡಿದರೆ ಒಡೆಯುತ್ತದೆ.

ಮನೆಗೆ ತಂದು ಕೊಟ್ಟಾಗ ಅತ್ತೆ ಪಡಸಾಲೆಯ ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದರು. ಒಳ್ಳೆಯ ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. "ಬಿದ್ದದ್ದು ಇದs. ಇದರ ಬೆನ್ನು ನನಗ ಗೊತ್ತು" ಎಂದರು. ಆಮೇಲೆ ಬೆರಳು ಮೆಲ್ಲಗೆ ಮೂಲೆಗೆ ಬಂತು.

"ಇದು ನಾನೇನು?"

"ಹೂಂ ರೀ ಅತ್ತಿ."

"ನಡಕೋತ ಹೊಂಟೀನಲ್ಲ."

ಪಡಸಾಲೆಯಲ್ಲಿ ದೇವರ ಪಟಗಳ ಸಾಲಿಗೆ ಹಾಕೋಣವೆಂದು ನಮ್ಮವರು ಮೊಳೆ ಹುಡುಕುತ್ತಿದ್ದರು. ಅತ್ತೆ ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಅವರು ಕಾಯಿಪಲ್ಯ ಹೆಚ್ಚಲು ಕೂರುವ ಮಣೆಯ ಎದುರಿನ ಗೋಡೆಗೇ ಆಗಬೇಕು ಎಂದರು. ಒಗ್ಗರಣೆ ಎಣ್ಣೆ ಸಿಡಿದು ಫೋಟೋ ಕೆಡುತ್ತದೆ ಎಂದೆ ನಾನು.

"ಸಿಡೀಲಿ ಬಿಡು. ಗಾಜು ಹಾಕ್ಸು" ಎಂದರು. ಗಾಜು ಹಾಕಿಸಿದ್ದೇವೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವರೇ ಸೆರಗಿನಿಂದ ಒರೆಸುತ್ತಾರೆ.